ಮಾಲಿನಿ ಮೇಡಮ್ಮಿಗೆ ಯಾವ ಬ್ಯಾಚು?

ಬಸ್ಸಿನಲ್ಲಿ ಸೀಟು ಸಿಕ್ಕರೂ ಮಾಲಿನಿಗೆ ನೆಟ್ಟಗೆ ಕೂರಲಾಗುವುದಿಲ್ಲ. ಗುಬ್ಬಿಯಿಂದ ತುಮಕೂರು ಬರುವಷ್ಟರಲ್ಲಿ ಬ್ಯಾಗಿನ ಜಿಪ್ಪನ್ನು ಎಷ್ಟು ಸಲ ಎಳೆದು ಮುಚ್ಚಿರುತ್ತಾರೋ ಲೆಕ್ಕವಿಲ್ಲ. ಸ್ಟಾಪು ಬರುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ. ಎಸ್.ಎಸ್. ಪುರಂನ ಒಂದು ಹಾಲ್‌ನಲ್ಲಿ ಅವರು ಬೆಳಗಿನ ಹೊತ್ತು ಯೋಗ ಕಲಿಸುತ್ತಾರೆ.

ಅವರ ತರಗತಿಗೆ ಹೆಸರು ಬಂದಿದ್ದು ದೇಹದ ಪ್ರಕೃತಿ ನೋಡಿ ಆಸನ ಹೇಳುವುದರಿಂದ. ಹೊಸಬರು ಬಂದರೆ ಹಸಿವು, ನಿದ್ದೆ, ಸಿಟ್ಟು ಎಲ್ಲ ವಿಚಾರಿಸಿ ಬ್ಯಾಚು ಗೊತ್ತು ಮಾಡುತ್ತಾರೆ. ಭಾರದ ಮೈಯ, ನಿಧಾನದ ಕಫದವರಿಗೆ ನೆಗೆನೆಗೆದು ಮಾಡುವ ಬಿರುಸಿನ ಸೂರ್ಯನಮಸ್ಕಾರ. ಬೇಗ ಕಾವೇರುವ ಪಿತ್ತದವರಿಗೆ ಮುಂದಕ್ಕೆ ಬಾಗುವ ಆಸನ, ಶೀತಲಿ ಪ್ರಾಣಾಯಾಮ. ನಿಂತಲ್ಲಿ ನಿಲ್ಲದ ವಾತದವರಿಗೆ ಒಂದೊಂದು ಆಸನದಲ್ಲೂ ತಂಗುವ ಅಭ್ಯಾಸ, ಕೊನೆಗೆ ದೀರ್ಘ ಶವಾಸನ. ಮೂರಕ್ಕೂ ಎದುರು ನಿಂತು ಮಾಡಿ ತೋರಿಸುವವರು ಮಾಲಿನಿಯೇ. ತರಗತಿ ಉಳಿದಿರುವುದು ಕಫದ ಬ್ಯಾಚಿನಿಂದ. ಕೊಬ್ಬರಿ ವ್ಯಾಪಾರದ ಮನೆಗಳ ಹೆಂಗಸರು ಅಲ್ಲಿ ತುಂಬಿರುತ್ತಾರೆ.

ಕಳೆದ ವರ್ಷ ಮಾಲಿನಿಗೆ ನಿದ್ದೆ ಬಿಟ್ಟುಹೋಯಿತು. ಮೈ ದಣಿದರೆ ಬಂದೀತೆಂದು ತಮ್ಮ ಪಾಲಿಗೂ ಸೂರ್ಯನಮಸ್ಕಾರ ಹೆಚ್ಚಿಸಿಕೊಂಡರು. ಮಂಡಿ ಊದಿತು, ಕೈ ನಡುಗತೊಡಗಿತು. ಕೊನೆಗೆ ಕುಣಿಗಲ್ಲಿನ ವೈದ್ಯ ವೆಂಕಟರಂಗಯ್ಯನವರ ಬಳಿ ಹೋದರು. ಅವರು ನಾಡಿ ಹಿಡಿದು ದಿನವೂ ಏನೇನು ಮಾಡುತ್ತೀರೆಂದು ಕೇಳಿದರು. ಮಾಲಿನಿ ಮೂರು ಬ್ಯಾಚಿನದನ್ನೂ ಹೇಳಿದರು.

“ಅವೆಲ್ಲ ಅವರವರ್ದು ಕಣಮ್ಮ. ನಿಂದ್ಯಾವ್ದು?”

ಮಾಲಿನಿ ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದರು. ವಾತ ಕೆರಳಿದೆ, ನೆಗೆತ ನಿಲ್ಲಿಸದಿದ್ದರೆ ಮಂಡಿ ಕೈಕೊಡುತ್ತದೆ ಎಂದರು ವೈದ್ಯರು. ಅದು ಮಾಲಿನಿಯೇ ಹೊಸಬರಿಗೆ ಹೇಳುವ ಮಾತು. ಸಂಜೆ ಅಂತರಸನಹಳ್ಳಿಯ ವರ್ಕ್‌ಶಾಪಿನಿಂದ ಮನೆಗೆ ಬಂದ ಗಂಡ ಸಂಗಮೇಶ್ ಕೇಳಿ ನಕ್ಕರು. “ಸ್ವೀಟ್ ಅಂಗಡಿಯವ್ನಿಗೇ ಶುಗರ್ ಬಂದಂಗಾಯ್ತು ಬುಡು.”

ನೆಗೆದರೆ ಮಂಡಿ ಹೋಗುತ್ತದೆ, ನೆಗೆಯದಿದ್ದರೆ ಬ್ಯಾಚು ಹೋಗುತ್ತದೆ. ಮಾಲಿನಿ ಕೂತು ಬಾಯಲ್ಲಿ ಹೇಳಿ ನೋಡಿದರು. ಎದುರಿಗೆ ಯಾರೂ ಇಲ್ಲದೆ ಹೆಂಗಸರ ವೇಗ ಇಳಿಯಿತು. ಟೀಚರಮ್ಮ ಕೂತರೆ ನಾವ್ಯಾಕೆ ಕುಣಿಯಬೇಕು ಎಂಬ ಗೊಣಗಾಟ ಕಿವಿಗೆ ಬಿತ್ತು. ಕೆಲವರು ಪಕ್ಕದ ರಸ್ತೆಯ ಜುಂಬಾ ಕ್ಲಾಸಿಗೆ ಸೇರಿದರು.

ಒಂದು ಬೆಳಿಗ್ಗೆ ತಡೆಯಲಾರದೆ ಎದ್ದು ನೆಗೆದರು. ಕೈ ನಡುಗಿ ಜಾರಿತು, ಊದಿದ ಮಂಡಿಯೇ ನೆಲಕ್ಕೆ ಬಡಿಯಿತು.

ಎಬ್ಬಿಸಲು ಬಂದದ್ದು ಹಿಂದಿನ ಸಾಲಿನ ಬಸವಲಿಂಗಮ್ಮ, ಬ್ಯಾಚಿನಲ್ಲೇ ನಿಧಾನದವರು. “ಮೇಡಮ್ಮೋರೆ, ನೀವ್ ಹಾರೋದ್ನ ನೋಡ್ಕೊಂಡೇ ಇಷ್ಟ್ ದಿನ ನಿಂತಿದ್ದೆ. ನೋಡೋಕ್ ಚೆನ್ನಾಗಿತ್ತು. ನನ್ ಮೈ ಮಾತ್ರ ಕರಗ್ಲಿಲ್ಲ.”

ಮಾಲಿನಿ ಅವರನ್ನೇ ತಮ್ಮ ಜಾಗದಲ್ಲಿ ನಿಲ್ಲಿಸಿ, ಗೋಡೆಗೆ ಒರಗಿ ಕೂತು ಎಣಿಸತೊಡಗಿದರು. ಬಸವಲಿಂಗಮ್ಮ ಏದುಸಿರು ಬಿಡುತ್ತ ನೆಗೆದರು. ಅವರೇ ನೆಗೆದ ಮೇಲೆ ಹಿಂದಿನವರಿಗೆ ನೆಪ ಉಳಿಯಲಿಲ್ಲ.

ಈಗ ಮುಂದಿನ ಜಾಗ ಸರದಿಯ ಮೇಲೆ ಬದಲಾಗುತ್ತದೆ. ಜುಂಬಾಗೆ ಹೋದವರಲ್ಲಿ ಇಬ್ಬರು ಮರಳಿದ್ದಾರೆ, ಉಳಿದವರು ಇಲ್ಲ. ವಾತದ ಬ್ಯಾಚಿನಲ್ಲಿ ಮಾಲಿನಿ ಎದುರಿಗೆ ನಿಲ್ಲುವುದಿಲ್ಲ. ಸಾಲಿನ ಕೊನೆಗೆ ತಮ್ಮದೂ ಒಂದು ಚಾಪೆ ಹಾಸಿಕೊಳ್ಳುತ್ತಾರೆ.

ಮೊನ್ನೆ ಆ ಬ್ಯಾಚಿನ ಶವಾಸನದ ಹೊತ್ತಿಗೆ ಬಸವಲಿಂಗಮ್ಮ ಮರೆತ ನೀರಿನ ಬಾಟಲಿಗೆಂದು ಒಳಗೆ ಬಂದರು. ಎಲ್ಲರೂ ಮಲಗಿದ್ದರು. ಕೊನೆಯ ಚಾಪೆಯಲ್ಲಿ ಪಾದವೊಂದು ಬಡಬಡನೆ ಅಲ್ಲಾಡುತ್ತಿತ್ತು.

“ಮೇಡಮ್, ಕಾಲು,” ಅಂದರು ಮೆಲ್ಲಗೆ.

ಕಾಲು ನಿಂತಿತು. ಹೊರಗೆ ಗುಬ್ಬಿ ಬಸ್ಸಿನ ಹಾರ್ನ್ ಕೇಳಿಸಿತು. ಮಾಲಿನಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳುಗಳು ಚಾಪೆಯ ಅಂಚಿನಲ್ಲಿ ಜಿಪ್ಪು ಹುಡುಕತೊಡಗಿದವು.