ಮಣ್ಣೆತ್ತಿನ ಅಮಾಸಿಯ ಆಕಾಶ

ಕಾಕಾರ ಉಗುರುಗಳ ಸಂದಿಯಲ್ಲಿ ಮಗ್ಗದ ಗ್ರೀಸು ಯಾವಾಗಲೂ ಕಪ್ಪಗೆ ಕೂತಿರುತ್ತಿತ್ತು. ಸಿಂಥಸೈಜರ್ ಎಂಬ ಕರೆಂಟಿನ ವಾದ್ಯ ಮುಟ್ಟುವ ಮೊದಲು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಸೋಪಿನ ಪುಡಿ ಹಚ್ಚಿ ತೊಳೆಯುತ್ತಿದ್ದರು. ಎಷ್ಟು ತೊಳೆದರೂ ಅದರ ಬಿಳಿ ಪಟ್ಟಿಗಳಿಗೆ ಸೀಮೆಎಣ್ಣೆ ವಾಸನೆ ಹತ್ತಿಯೇ ಇತ್ತು.

ಬೆಳಗಾವಿಯ ವಡಗಾವಿಯಲ್ಲಿ ಅವರದು ನಮ್ಮ ಬಾಜು ಮನೆ. ಕಸುಬು ಕರೆಂಟಿನ ಮಗ್ಗದ ರಿಪೇರಿ. ಆ ಸಿಂಥಸೈಜರನ್ನು ಗೋವಾದ ಹೋಟೆಲಿನ ಬ್ಯಾಂಡಿನವನೊಬ್ಬನಿಂದ ಹಳೆಯದು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ಅದರಲ್ಲಿ ಸಿನಿಮಾ ಹಾಡು ನುಡಿಸಿದ್ದನ್ನು ನಾನು ಕೇಳಿಲ್ಲ. ಗ್ರಹ, ಚುಕ್ಕಿ, ಖಾಲಿ ಆಕಾಶ, ಇವನ್ನೇ ಮಾತಿಲ್ಲದೆ, ತಬಲಾ ಇಲ್ಲದೆ, ಮೆಲ್ಲಗೆ ನುಡಿಸುವುದು. ಕೇಳುತ್ತ ಕೂತರೆ ಮೈ ಹಗುರಾಗುತ್ತಿತ್ತು. ಓಣಿಯವರಿಗೆ ಮಾತ್ರ ಚೇಷ್ಟೆ.

"ಏನ್ರಿ ಮಿಸ್ತ್ರಿ, ರಾಕೆಟ್ ಎಲ್ಲೀತನಾ ಹೋತು?"

"ಚಂದ್ರನ ಬಾಜುಕ ಐತ್ರಿ. ಬರ್ರಿ, ಒಂದು ಸೀಟು ಖಾಲಿ ಐತಿ."

ಅಲ್ಲಿ ಗಾಳಿಯೇ ಇಲ್ಲ, ಸಪ್ಪಳ ಹೇಗೆ ಬರುತ್ತದೆ ಎಂದು ಶಾಲೆಯಲ್ಲಿ ಕಲಿತ ಜಂಬದಿಂದ ಒಮ್ಮೆ ಕೇಳಿದ್ದೆ. "ಇಲ್ಲಂತನ ನಾ ಮಾಡಾಕತ್ತೇನವಾ. ಇದ್ದಿದ್ರ ನನಗೇನ್ ಕೆಲಸಿತ್ತು?" ಎಂದರು. ನಾನು ವಿಜ್ಞಾನದ ಟೀಚರಾದದ್ದು ಅವರ ಹೊಸ್ತಿಲಲ್ಲಿ ಕೂತು ಕೂತೇ.

ನುಡಿಸಿದ್ದನ್ನು ಕ್ಯಾಸೆಟ್ಟಿಗೆ ತುಂಬಲು ಓಣಿಯ ಮಗ್ಗಗಳ ಖಟಪಟ ಅಡ್ಡಿ. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿದ್ದವು, ಆದರೆ ಕಾಕಾರ ಪೆಟ್ಟಿಗೆಯೂ ನಿಲ್ಲುತ್ತಿತ್ತು! ಹೀಗಾಗಿ ಮಗ್ಗಕ್ಕೆ ರಜೆ ಇರುವ ಅಮಾವಾಸ್ಯೆಯ ಹಗಲೊಂದೇ ಗತಿ. ತಿಂಗಳಿಗೊಂದು ತುಣುಕು, ಅದಕ್ಕೆ ಆ ಅಮಾವಾಸ್ಯೆಯದೇ ಹೆಸರು: ಎಳ್ಳ ಅಮಾಸಿ, ಮಣ್ಣೆತ್ತಿನ ಅಮಾಸಿ, ದೀವಳಿಗಿ ಅಮಾಸಿ.

ಈಗ ಸಿಟ್ಟಿನ ಮಾತಿಗೆ ಬರುತ್ತೇನೆ. ಖಾನಾಪುರದಲ್ಲಿ ನಾನು ಕಲಿಸುವ ಶಾಲೆಯ ವಿಜ್ಞಾನ ಮೇಳಕ್ಕೆ ಗಾಳಿ ತುಂಬುವ ಗುಡಾರವೊಂದು ಬಂದಿತ್ತು, ಒಳಗೆ ನಕ್ಷತ್ರ ತೋರಿಸುವಂಥದು. ಅದಕ್ಕೆ ಸಂಗೀತ ಬೇಕೆಂದರು. ಕಾಕಾರ ಕ್ಯಾಸೆಟ್ಟಿನಿಂದ ಮಣ್ಣೆತ್ತಿನ ಅಮಾಸಿಯ ತುಣುಕನ್ನು ಪೆನ್‌ಡ್ರೈವಿಗೆ ಹಾಕಿಸಿ ಕೊಟ್ಟೆ. ನಿರೂಪಣೆ ನನ್ನದೇ, ಕಾಕಾರ ಹೆಸರು, ಊರು, ಕಸುಬು ಎಲ್ಲ ಬರೆದಿದ್ದೆ. ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರು ಕೆಂಪು ಪೆನ್ನಿನಿಂದ ಅದಿಷ್ಟನ್ನೂ ಹೊಡೆದು ಹಾಕಿದರು.

"ಮಣ್ಣೆತ್ತಿನ ಅಮಾಸಿ ಅಂದ್ರ ಆಕಾಶದ ಮ್ಯೂಸಿಕ್ ಅಂತ ಯಾರ್ ನಂಬ್ತಾರ್ರಿ ಮೇಡಂ? ವಿದೇಶಿ ಸಂಗೀತ ಅಂತ ಓದ್ರಿ. ಅಂದ್ರ ಕಿವಿಗೊಟ್ಟು ಕೇಳ್ತಾರ."

ಹಿತ್ತಲ ಗಿಡ ಮದ್ದಲ್ಲ, ಸರಿ. ಗಿಡ ನೆಟ್ಟವನನ್ನು ಎದುರಿಗೆ ಕೂಡಿಸಿಕೊಂಡು ಹೀಗೆನ್ನಬೇಕೆ? ಗುಡಾರದ ಎದುರಿನ ಉದ್ಘಾಟನೆಯ ಸಭೆಯಲ್ಲಿ ಕಾಕಾ ಇಸ್ತ್ರಿ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. ನಾನೇ ಕರೆದಿದ್ದೆ. ನನ್ನ ಹೆಡ್‌ಮಿಸ್ಟ್ರೆಸ್ ಬಡ್ತಿಯ ಕಾಗದ ಅಧ್ಯಕ್ಷರ ಸಹಿಗೆ ಕಾಯುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು! "ವಿದೇಶಿ ಸಂಗೀತ" ಎಂದು ಸ್ಪಷ್ಟವಾಗಿ ಓದಿದೆ. ಎಲ್ಲರ ಜೊತೆ ಕಾಕಾ ಕೂಡ ಚಪ್ಪಾಳೆ ತಟ್ಟಿದರು.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ನಾನು ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈದೆ. ಕಾಕಾ ಕಿಟಕಿಯ ಆಚೆ ನೋಡುತ್ತಲೇ, "ಮೈಕ್ ನಿನ್ನ ಕೈಯಾಗನ ಇತ್ತಲ್ಲವಾ," ಎಂದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ನಾನು ತಪ್ಪಾಯಿತು ಎನ್ನಲು ಹೋದಾಗಲೆಲ್ಲ, "ಚಹಾ ಆರ್ತೈತಿ, ಕುಡಿ," ಎಂದು ಮಾತು ಮುಗಿಸುತ್ತಿದ್ದರು. ಅವರ ಮೇಲೂ ನನಗೆ ಸಿಟ್ಟಿದೆ. ಒಮ್ಮೆಯಾದರೂ ಬೈಯಬಾರದಿತ್ತೆ? ನೆಹರು ನಗರದ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲೂ ನನ್ನ ಶಾಲೆಯ ಮಕ್ಕಳ ಸುದ್ದಿಯನ್ನೇ ಕೇಳಿದರು. ಅಲ್ಲೇ ತೀರಿಕೊಂಡರು.

ಈ ವರ್ಷ ಮತ್ತೆ ಮೇಳ. ಅದೇ ಗುಡಾರ, ಅದೇ ಪೆನ್‌ಡ್ರೈವು. ನಾನೀಗ ಹೆಡ್‌ಮಿಸ್ಟ್ರೆಸ್, ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದ ಕುರ್ಚಿ. ಹೊಸ ಟೀಚರು ಹಳೆಯ ಹಾಳೆ ಹಿಡಿದು "ವಿದೇಶಿ ಸಂಗೀತ" ಎನ್ನುತ್ತಲೇ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಎದ್ದು ಮೈಕು ಕಸಿದುಕೊಂಡೆ. ಇದು ವಿದೇಶದ್ದಲ್ಲ, ವಡಗಾವಿಯದು, ಮಗ್ಗ ರಿಪೇರಿ ಮಾಡುವವರು ಅಮಾವಾಸ್ಯೆಗೊಂದರಂತೆ ಕಟ್ಟಿದ್ದು ಎಂದು ಹೆಸರು ಹಿಡಿದು ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

"ನಮ್ಮ ಭಾಗದ ಹೆಮ್ಮಿರಿ ಇದು! ಎಲ್ಲಿ ಅದಾರ ಅವ್ರು? ಕರೀರಿ ಮ್ಯಾಲೆ, ಒಂದು ಶಾಲು ಹೊದಿಸೂಣು."

ತಟ್ಟೆಯಲ್ಲಿ ಶಾಲು ಬಂದೂ ಬಿಟ್ಟಿತು.

"ಅವ್ರು ಹೋಗಿ ಎಂಟು ತಿಂಗಳಾತ್ರಿ," ಎಂದೆ, ಮೈಕಿನಲ್ಲೇ. "ಆವತ್ತ ಅವ್ರ ಹೆಸರು ನೀವು ಹೊಡದು ಹಾಕಿದ್ರಿ, ವಿದೇಶಿ ಅಂತ ನಾ ಓದಿದೆ. ಬರ್ರಿ ಸಾಹೇಬ್ರ, ಆ ಶಾಲು ನಾವಿಬ್ಬರೂ ಕೂಡೇ ಹೊದ್ಕೊಳ್ಳೂಣು."