ಭಾನುವಾರದ ರುದ್ರಪ್ಪನವರು

ಬಸ್ಸಿನಿಂದ ಇಳಿಯುವವರ ಮುಖವನ್ನು ರುದ್ರಪ್ಪನವರು ನೋಡುತ್ತಿರಲಿಲ್ಲ, ಕಾಲುಗಳನ್ನು ನೋಡುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ತರೀಕೆರೆ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತಿರುತ್ತಿದ್ದ ತೆಳ್ಳನೆಯ ದರ್ಜಿ ಅವರು. ಕೊರಳಲ್ಲಿ ಅಳತೆ ಟೇಪು. "ಹೋಗೋ ಜಾಗ ಗೊತ್ತಿರೋನು ಇಳಿದೋನೇ ನಡೀತಾನೆ ಮೇಷ್ಟ್ರೇ. ಕೇಳೋಕೆ ನಾಚ್ಕೊಳೋನು ನಿಂತಲ್ಲೇ ಎರಡು ಸುತ್ತು ಹಾಕ್ತಾನೆ" ಎನ್ನುತ್ತಿದ್ದರು. ನಾನು ಮೂರು ಸುತ್ತು ಹಾಕಿದ್ದೆನಂತೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಜ್ಜಂಪುರದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಒಂದಿಷ್ಟು ಸಾರಾಯಿ ಒಳಗೆ ಹೋಗದಿದ್ದರೆ ಸೀಮೆಸುಣ್ಣ ಹಿಡಿಯಲಾಗದ ಸ್ಥಿತಿಗೆ ಬಂದಿದ್ದೆ. ಒಂದು ದಿನ ತರಗತಿಯಲ್ಲೇ ಕುರ್ಚಿಗೆ ಒರಗಿ ನಿದ್ದೆ ಹೋದೆ. ಎಚ್ಚರವಾದಾಗ ಕೋಣೆ ಖಾಲಿ. ಮಕ್ಕಳೆಲ್ಲ ಹೊರಗೆ ಬೇವಿನ ಮರದಡಿ ಕೂತು ಪಿಸುದನಿಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ ಒಬ್ಬ ಹುಡುಗಿ, "ನಿಮ್ಗೆ ಎಚ್ರ ಆಗ್ಬಾರ್ದು ಅಂತ ಸಾರ್" ಎಂದಳು. ಬೈದವರನ್ನೆಲ್ಲ ತಡೆದುಕೊಂಡಿದ್ದೆ, ಆ ಕರುಣೆಯನ್ನು ತಡೆಯಲಾಗಲಿಲ್ಲ.

ಅದನ್ನು ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಗಿರಿಜೆ, "ತರೀಕೆರೇಲಿ ಭಾನುವಾರ ಹತ್ತು ಗಂಟೆಗೆ ಕುಡಿತ ಬಿಡೋರು ಸೇರ್ತಾರಂತೆ. ಎಲ್ಲಿ ಅಂತ, ಹೇಳಿದ ನಮ್ಮಕ್ಕಂಗೂ ಗೊತ್ತಿಲ್ಲ. ಹೋಗಿ ಹುಡುಕಿ ಕಣ್ರೀ" ಎಂದಳು.

ಹೋದೆ. ಸಾರಾಯಿ ಅಂಗಡಿ ಎಲ್ಲಿ ಎಂದು ಯಾವ ಊರಲ್ಲೂ ಸಂಕೋಚವಿಲ್ಲದೆ ಕೇಳಿದವನಿಗೆ ಈ ಪ್ರಶ್ನೆ ಮಾತ್ರ ಕೇಳಲಾಗಲಿಲ್ಲ. ಕೊನೆಗೆ ಹಿಂದಿರುಗುವ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ಯಾರೋ ತೋಳು ಮುಟ್ಟಿದರು. "ಇನ್ನೊಂದು ಬಸ್ಸು ಐತೆ. ಅಲ್ಲೀವರ್ಗೂ ಟೀ ಕುಡಿಯೋಣ ಬನ್ನಿ."

ಅವರ ಹೊಲಿಗೆ ಅಂಗಡಿಯಲ್ಲಿ ಎದುರುಬದುರು ಎರಡು ಬೆಂಚುಗಳಿದ್ದವು. ಬಾಗಿಲನ್ನು ಪೂರ್ತಿ ತೆರೆದಿಟ್ಟು ಅವರೊಂದರಲ್ಲಿ ಕೂತರು, ನಾನೊಂದರಲ್ಲಿ ಕೂತೆ. ಟೀ ಮುಗಿಯಿತು. "ಉಳಿದವರು ಯಾವಾಗ ಬರ್ತಾರೆ?" ಎಂದೆ.

"ಎಲ್ರೂ ಬಂದಾಯ್ತಲ್ಲ. ನಾನು, ನೀವು."

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರ ಕುಡಿತ ಬಿಡಿಸಿದ ಡಾಕ್ಟರು, ವಾರಕ್ಕೊಮ್ಮೆಯಾದರೂ ನಿನ್ನಂಥವನೇ ಇನ್ನೊಬ್ಬನ ಜೊತೆ ಕೂತು ಮನಸ್ಸು ಬಿಚ್ಚಿ ಮಾತಾಡು ಎಂದು ಹೇಳಿ ಕಳಿಸಿದ್ದರಂತೆ. ಊರಲ್ಲಿ ಕುಡಿಯುವವರು ಬೇಕಾದಷ್ಟಿದ್ದರು, ಕೂರುವವರಿರಲಿಲ್ಲ. ಏಳು ತಿಂಗಳು ಪ್ರತಿ ಭಾನುವಾರ ಅವರೊಬ್ಬರೇ ಖಾಲಿ ಬೆಂಚಿಗೆ ತಮ್ಮ ಕಥೆ ಹೇಳಿದ್ದರು. "ಅದಕ್ಕೂ ಕೇಳಿ ಕೇಳಿ ಸಾಕಾಗಿತ್ತು ಅನ್ಸುತ್ತೆ, ನಿಮ್ಮನ್ನ ಕರೆಸ್ಕೊಂತು" ಎಂದರು.

ಕುಡಿಯಬೇಡಿ ಎಂದು ಅವರು ಒಮ್ಮೆಯೂ ಹೇಳಿದವರಲ್ಲ. "ಇವತ್ತು ಹೆಂಗೈತೆ?" ಎಂದಷ್ಟೇ ಕೇಳುವರು. ನಾನು ನಾಳೆಯ ಭಯ ತೋಡಿಕೊಂಡರೆ, "ನಾಳೆ ಬಟ್ಟೆ ಇನ್ನೂ ಅಂಗಡಿಗೇ ಬಂದಿಲ್ಲ. ಈಗ್ಲೇ ಕತ್ರಿ ಹಾಕ್ಬೇಡಿ" ಎನ್ನುವರು.

ನಾಲ್ಕು ತಿಂಗಳು ಬಿಟ್ಟಿದ್ದವನು ಮತ್ತೆ ಕುಡಿದೆ. ಮೂರು ಭಾನುವಾರ ತರೀಕೆರೆಯ ಕಡೆ ಹೋಗಲಿಲ್ಲ. ಒಂದು ಗುರುವಾರ, ಶಾಲೆಗೆ ರಜೆ ಹಾಕಿ ಮಲಗಿದ್ದಾಗ ರುದ್ರಪ್ಪನವರು ಮನೆ ಬಾಗಿಲಿಗೆ ಬಂದರು. ನಾನು ದೂರ ನಿಂತೇ ಮಾತಾಡಿದೆ, ವಾಸನೆ ಬಂದೀತೆಂದು.

"ಬೈಯೋಕೆ ಬಂದಿಲ್ಲ ಮೇಷ್ಟ್ರೇ. ಇವತ್ತು ಕಡೂರಲ್ಲಿ ನನ್ನ ಮಗಳ ಮದುವೆ. ಬರ್ಬೇಡ ಅಂತ ಹೇಳಿ ಕಳ್ಸವ್ಳೆ."

ಹಿಂದೊಮ್ಮೆ ಅವಳನ್ನು ನೋಡಲು ಬಂದ ಗಂಡಿನವರ ಮುಂದೆ ರುದ್ರಪ್ಪನವರು ಕುಡಿದು ಬಿದ್ದು, ಆ ಸಂಬಂಧ ಮುರಿದುಹೋಗಿತ್ತು. ಅಂದೇ ಹೆಂಡತಿ ಮಗಳನ್ನು ಕರೆದುಕೊಂಡು ಕಡೂರಿನ ತವರಿಗೆ ಹೊರಟುಹೋಗಿದ್ದರು.

"ಒಬ್ನೇ ಇದ್ರೆ ಇವತ್ತು ಕುಡ್ದುಬಿಡ್ತೀನಿ. ನನ್ಜೊತೆ ಕೂತ್ಕೊಳ್ಳಿ."

"ನಾನೇ ಕುಡಿದಿದ್ದೀನಲ್ಲ ರುದ್ರಪ್ಪನವರೇ."

"ಗೊತ್ತಾಯ್ತು. ಆದ್ರೂ ಕೂತ್ಕೊಳ್ಳಿ."

ಅಜ್ಜಂಪುರ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆವು. ಮಗಳು ಚಿಕ್ಕವಳಿದ್ದಾಗ ಹೊಲಿಗೆ ಯಂತ್ರದ ಸದ್ದಿಗೇ ನಿದ್ದೆ ಹೋಗುತ್ತಿದ್ದಳು ಎಂದರು. ಮುಹೂರ್ತದ ಹೊತ್ತಿಗೆ ಅವರು ಎದ್ದು ಸಾರಾಯಿ ಅಂಗಡಿಯ ಕಡೆ ಹೆಜ್ಜೆ ಇಟ್ಟರು. ನಾನು ಅವರ ಎರಡೂ ಕೈಗಳನ್ನು ಹಿಡಿದುಕೊಂಡೆ. ಯಾರನ್ನಾದರೂ ಹಿಡಿದು ನಿಲ್ಲಿಸುವ ಶಕ್ತಿ ನನ್ನಲ್ಲಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಸಂಜೆ ಅವರನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ಆ ದಿನದಿಂದ ಕುಡಿದಿಲ್ಲ.

ಕುಡಿತ ಬಿಟ್ಟಿದ್ದರೂ ಅವರ ಯಕೃತ್ತು ಮೊದಲೇ ಕೆಟ್ಟಿತ್ತು. ಮುಂದೆ ನಾಲ್ಕೇ ವರ್ಷ ಇದ್ದರು. ಅವರು ತೀರಿಕೊಳ್ಳುವ ಹೊತ್ತಿಗೆ ಭಾನುವಾರಗಳಲ್ಲಿ ಬೆಂಚುಗಳು ಸಾಲದೆ ನಾವು ಒಂಬತ್ತು ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಮಣ್ಣಿಗೆ ಮಗಳು ಬಂದಿರಲಿಲ್ಲ.

ಎರಡು ವಾರದ ನಂತರ ಶಾಲೆಯ ಜಗಲಿಯಲ್ಲಿ ಒಬ್ಬ ಹೆಂಗಸು ನನಗಾಗಿ ಕಾದು ನಿಂತಿದ್ದರು. ಮೂಗು ರುದ್ರಪ್ಪನವರದ್ದೇ. ಕಡೂರಿನಿಂದ ಬಂದೆ ಎಂದರು. ಸೆರಗಿನ ತುದಿ ತಿರುವುತ್ತಿದ್ದರು.

"ಸಾರ್, ನಮ್ಮಪ್ಪ ಕುಡೀದೆ ಇದ್ದಾಗ ನಾನು ನೋಡೇ ಇಲ್ಲ. ಹೆಂಗಿರ್ತಿದ್ರು?"

ಇಬ್ಬರೂ ಜಗಲಿಯ ಮೇಲೆ ಕೂತೆವು. ಟೀ ಕುಡಿದ ಲೋಟ ತಾವೇ ತೊಳೆದಿಡುತ್ತಿದ್ದರು ಎಂದೆ. ಮಕ್ಕಳ ಅಂಗಿ ಹೊಲಿದರೆ, ಬೆಳೆಯುತ್ತವೆ, ಆಮೇಲೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಬಟ್ಟೆ ಮಡಿಚಿಟ್ಟಿರುತ್ತಿದ್ದರು ಎಂದೆ. ಅವರು ಕಣ್ಣೊರೆಸಿಕೊಂಡು, "ಇನ್ನೂ ಹೇಳಿ ಸಾರ್" ಎಂದರು.

ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋದರು. ಅವರು ಏಳಲಿಲ್ಲ, ನಾನೂ ಏಳಲಿಲ್ಲ.