ಐದೆಳೆಯ ಹೆರಳು, ಬಾರಕೋಲಿನ ಗಂಟು

ಬೈಲಹೊಂಗಲದ ಸುಂದರವ್ವ ಒಂದು ಕಡೆ ನೆಟ್ಟಗೆ ಕುಳಿತದ್ದನ್ನು ಕಂಡವರಿಲ್ಲ. ಊಟಕ್ಕೆ ಕುಳಿತರೂ ಒಂದು ಮೊಣಕಾಲು ಮೇಲೆದ್ದೇ ಇರುತ್ತಿತ್ತು, ಈಗ ಓಡಲೋ ಆಗ ಓಡಲೋ ಎಂಬಂತೆ. ರೊಟ್ಟಿ ಬಡಿಯುತ್ತಲೇ ಎಮ್ಮೆಯನ್ನು ಬೈಯುವಳು, ಎಮ್ಮೆಗೆ ಮೇವು ಹಾಕುತ್ತಲೇ ಬೀದಿಯಲ್ಲಿ ಹೋಗುವವರನ್ನು ಮಾತಿಗೆಳೆಯುವಳು. ಕೈಕಾಲಿಗಿಂತ ನಾಲಿಗೆಗೇ ಅವಸರ ಹೆಚ್ಚು. ಕೊನೆಗೆ ಕೆಲಸ ಕೆಡಿಸಿದ್ದೂ ಅದೇ.

ಕಿತ್ತೂರಿನಲ್ಲಿ ನೆಂಟರ ಮದುವೆ. ಒಳಕೋಣೆಯಲ್ಲಿ ಹೆಂಗಸರೆಲ್ಲ ತಲೆ ಬಾಚಿಕೊಳ್ಳುತ್ತಿದ್ದರು. ಸೊಸೆ ನಾಗರತ್ನಾಳ ಕೂದಲು ಮೊದಲೇ ತೆಳುವು. ಹೋದ ವರ್ಷದ ಟೈಫಾಯ್ಡಿನಲ್ಲಿ ಅರ್ಧ ಉದುರಿತ್ತು. ಯಾರೋ ಆಕೆಗೆ ಮಲ್ಲಿಗೆ ಮಾಲೆ ಕೊಡಹೋದರು. ಸುಂದರವ್ವ ತನ್ನ ದಪ್ಪ ತುರುಬು ಸರಿಮಾಡಿಕೊಳ್ಳುತ್ತ, "ಆಕಿಗ್ಯಾಕ ಅಷ್ಟ ಹೂವಾ? ಆ ಇಲಿ ಬಾಲಕ್ಕ ಒಂದ ಮೊಗ್ಗ ಸಾಕ" ಅಂದುಬಿಟ್ಟಳು.

ಕೋಣೆಯೇ ಗೊಳ್ಳೆಂದಿತು. ನಾಗರತ್ನಾಳೂ ನಕ್ಕಳು. ಆದರೆ ಪಂಚಮಿಗೆಂದು ರಾಮದುರ್ಗದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬಸುರಿ ಬೇರೆ. ಕುಬಸ, ಅಂದರೆ ಸೀಮಂತದ ಕಾರ್ಯ, ಗಂಡನ ಮನೆಯಲ್ಲಿ ಆಗಬೇಕು, ತವರಿನವರು ಹಸಿರು ಸೀರೆ ತಂದು ಉಡಿ ತುಂಬಬೇಕು, ಅದು ಅವರ ಮನೆತನದ ರೂಢಿ. ನಾಗರತ್ನಾ ಒಲ್ಲೆ ಎಂದಳು. ಕರೆತರಲು ಹೋದ ಗಂಡ ವಿರೂಪಾಕ್ಷ ಒಬ್ಬನೇ ಬಸ್ಸಿಳಿದು ಬಂದ.

"ಏನಂದ್ಲೋ?"

"ಕೂಸ ಹುಟ್ಟಿದ ಮ್ಯಾಲೂ ಬರಂಗಿಲ್ಲ ಅಂದ್ಲವ್ವಾ. ಆ ಮನ್ಯಾಗ ತಲಿ ಎತ್ತಿ ತಿರಗಾಕ ಆಗಂಗಿಲ್ಲಂತ."

"ಅಯ್ಯ ನನ ಶಿವನ! ಒಂದೀಟ ಚ್ಯಾಷ್ಟಿ ಮಾಡೂದೂ ತಪ್ಪಾತೇನು?" ಎಂದು ಸುಂದರವ್ವ ಹಾರಾಡಿದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು, ಗುಡಿಸಿದ ಅಂಗಳವನ್ನೇ ಗುಡಿಸಿದಳು. ಏನು ಮಾಡಿದರೂ ಆ 'ಇಲಿ ಬಾಲ' ಕಿವಿಯಿಂದ ಹೋಗಲೊಲ್ಲದು. ನಾಚಿಕೆಯಾಗುತ್ತಿತ್ತು. ಹುಟ್ಟುವ ಮೊಮ್ಮಗು ತನ್ನ ಅಂಗಳದಲ್ಲಿ ಆಡುವುದೇ ಇಲ್ಲವೇನೋ ಎಂದು ಹೆದರಿಕೆಯೂ ಆಗುತ್ತಿತ್ತು.

ಹೀಗಿರುವಾಗ ಒಂದು ದಿನ ಸವದತ್ತಿಯಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಾಲೇಜು ಹುಡುಗಿಯ ಹೆರಳು ಕಣ್ಣಿಗೆ ಬಿತ್ತು. ಕೂದಲು ನೋಡಿದರೆ ತೆಳುವು, ಹೆರಳು ನೋಡಿದರೆ ಚಾಪೆಯಂತೆ ಅಗಲ. ಸುಂದರವ್ವ ಹಿಂದೆಮುಂದೆ ನೋಡದೆ ಅದನ್ನು ಹಿಡಿದೇಬಿಟ್ಟಳು.

"ಯವ್ವಾ! ಬಿಡ್ರಿ ಅಜ್ಜಿ!"

"ಇದ ಎಷ್ಟ ಎಳಿದು, ಹೇಳ ಮೊದಲ."

"ಐದರಿ. ಮೂರರ ಬದಲಿ ಐದ ಎಳಿ ಹಾಕಿದ್ರ ಅಗಲ ಕಾಣತೈತ್ರಿ."

ಐದೆಳೆ ಹೆಣೆಯುವವನು ಮನೆಯಲ್ಲೇ ಇದ್ದ. ಗಂಡ ಬಸಲಿಂಗಪ್ಪ ತೊಗಲಿನ ಬಾರುಗಳಿಂದ ಬಾರಕೋಲು ಹೆಣೆಯುವುದರಲ್ಲಿ ಪಳಗಿದವನು. ವಿಷಯ ಕೇಳಿ ಆತನಿಗೆ ನಗು ತಡೆಯಲಿಲ್ಲ.

"ಸೊಸಿ ತಲಿ ಏನ ಎತ್ತ ಹೊಡಿಯೂ ಬಾರಕೋಲೇನ?"

"ನಕ್ಕರ ಇವತ್ತ ರೊಟ್ಟಿ ಇಲ್ಲ ನೋಡ್ರಿ. ಕಲಿಸ್ರಿ ಸುಮ್ಮನ."

ಪುಂಡಿ ನಾರಿನ ಐದು ಎಳೆಗಳನ್ನು ಕಂಬಕ್ಕೆ ಕಟ್ಟಿ ಬಸಲಿಂಗಪ್ಪ ತೋರಿಸಿಕೊಟ್ಟ. "ಅಂಚಿನ ಎಳಿ ತಗೋ. ಬಾಜೂದರ ಮ್ಯಾಲ, ಅದರಾಚಿದರ ಕೆಳಗ, ನಡಕ ಬಂದ ಕುಂದರಬೇಕು. ಆಮ್ಯಾಲ ಆ ಕಡೀದು." ಇಷ್ಟೇ. ಆದರೆ ಸುಂದರವ್ವ ನಾಲ್ಕು ಹೆಣಿಕೆ ಹಾಕುವಷ್ಟರಲ್ಲಿ ಹಾಲು ಉಕ್ಕೀತೆಂದು ಏಳುವಳು, ಬಂದು ನೋಡಿದರೆ ಯಾವ ಎಳೆ ಯಾವುದೆಂದೇ ತಿಳಿಯದು. "ಕೈ ಬಿಟ್ಟ ಎದ್ದಿ ಅಂದ್ರ ಮೊದಲಿಂದ" ಎಂದು ಬಸಲಿಂಗಪ್ಪ ಎಲ್ಲವನ್ನೂ ಬಿಚ್ಚುವನು. ಈಕೆ ನಾರಿಗೂ ಗಂಡನಿಗೂ ಸೇರಿಸಿ ಬೈಯುವಳು. ಆದರೂ ಬಿಡಲಿಲ್ಲ. ಕಣ್ಣು ಮುಚ್ಚಿ ಹೆಣೆಯುವಂತಾದ ಮೇಲೆ ಆತ ತುದಿಯ ಗಂಟನ್ನೂ ಕಲಿಸಿದ. ಬಾರಕೋಲಿಗೆ ಹಾಕುವ, ಜಗ್ಗಿದಷ್ಟೂ ಬಿಗಿಯುವ, ಬಿಚ್ಚದ ಗಂಟು.

ಕುಬಸ ರಾಮದುರ್ಗದಲ್ಲೇ ಎಂದಾಯಿತು. ಗಂಡನನ್ನು ಕರೆದುಕೊಂಡು ಸುಂದರವ್ವ ಹೋದಳು. ಬೀಗತಿ ಕೃಷ್ಣವ್ವ "ಬರ್ರಿ" ಎಂದಳು, ಅಷ್ಟೇ. ಒಳಗೆ ನಾಗರತ್ನಾ ತಲೆ ಬಿಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಪಕ್ಕದಲ್ಲಿ ಹೆರಳಿಗೆ ಸೇರಿಸಲು ತಂದ ಚೌರಿ ಇತ್ತು. ಸುಂದರವ್ವ ಅದನ್ನು ಅತ್ತ ಸರಿಸಿದಳು.

"ನಾ ಹಾಕತೇನಿ ಹೆರಳ."

"ಬ್ಯಾಡ್ರಿ ಅತ್ತಿ. ಮಂದಿ ನಕ್ಕಿದ್ದ ಸಾಕ."

"ನಗಸಿದಾಕಿ ನಾನ. ತಪ್ಪಾತವಾ. ಒಂದ ಸಲ ತಲಿ ಕೊಡು."

ನಾಗರತ್ನಾ ಚೌರಿಯತ್ತ ಒಮ್ಮೆ ನೋಡಿದಳು. ಆಮೇಲೆ ತುಸು ಹಿಂದಕ್ಕೆ ಸರಿದು ಕುಳಿತಳು.

ಅಂಚಿನದು ಮೇಲೆ, ಕೆಳಗೆ, ನಡುವಿಗೆ. ನೋಡನೋಡುತ್ತ ಹೆರಳು ಮೂರು ಬೆರಳು ಅಗಲವಾಗಿ ಇಳಿಯಿತು. ಮಲ್ಲಿಗೆ ಅದರ ಮೇಲೆ ಗಟ್ಟಿಯಾಗಿ ಕುಳಿತಿತು. ಆರತಿಗೆ ಬಂದ ಹೆಂಗಸರೆಲ್ಲ "ಚೌರಿ ಎಲ್ಲಿಂದ ತಂದ್ರಿ?" ಎಂದು ಕೇಳಿದರು. ನಾಗರತ್ನಾ ಕೈ ಹಿಂದೆ ಹಾಕಿ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಊಟ ಮುಗಿದು ಆಕೆ ಒರಗಬೇಕೆಂದಾಗ ಎಡವಟ್ಟು ಹೊರಬಿತ್ತು. ಹೆರಳು ಬಿಚ್ಚಲೊಲ್ಲದು. ಹುರುಪಿನಲ್ಲಿ ಸುಂದರವ್ವ ತುದಿಗೆ ಬಾರಕೋಲಿನ ಗಂಟನ್ನೇ ಹಾಕಿಬಿಟ್ಟಿದ್ದಳು!

"ಹೋಗ್ಲಿ, ಚೂರು ಕತ್ತರಸಿ ಬಿಡೂಣು" ಎಂದು ಕೃಷ್ಣವ್ವ ಕತ್ತರಿ ತಂದಳು.

"ಬ್ಯಾಡ್ರಿ ಬೀಗತಿ! ಒಂದ ಕೂದಲಾನೂ ಕತ್ತರಸೂದ ಬ್ಯಾಡ. ಇರೂದ ಎಷ್ಟ ಆಕಿಗೆ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೊಬ್ಬರಿ ಎಣ್ಣೆ, ಒಂದು ಪಿನ್ನು ಹಿಡಿದು ಸೊಸೆಯ ಬೆನ್ನ ಹಿಂದೆ ಎರಡೂ ಕಾಲು ಮಡಚಿ ಕುಳಿತಳು. ಒಂದೊಂದೇ ಕೂದಲು ಬಿಡಿಸಬೇಕು, ಜಗ್ಗಿದರೆ ಬಿಗಿಯುತ್ತದೆ. ಬಾಗಿಲಲ್ಲಿ ಬಸಲಿಂಗಪ್ಪ, "ಏ, ಬಸ್ ಬಂತ!" ಎಂದು ಕೂಗಿದ.

"ಹೋಗ್ಲಿ ಬಿಡ್ರಿ."

ಬಸಲಿಂಗಪ್ಪ ಬೆರಗಾಗಿ ನೋಡಿ ಹೊರಗೆ ಹೋದ.

ಬಹಳ ಹೊತ್ತಿನ ಮೇಲೆ ನಾಗರತ್ನಾ ಆ ಕಡೆ ಮುಖ ಮಾಡಿಯೇ ಹೇಳಿದಳು: "ಅವತ್ತ ನಾನೂ ನಕ್ಕೆ ನೋಡ್ರಿ, ಯಾಕ ಗೊತ್ತೇನ್ರಿ? ಅತ್ತಿದ್ರ ಅದನ್ನೂ ಆಡಕೋತಿದ್ರಿ."

ಸುಂದರವ್ವನ ಕಣ್ಣಿಗೆ ಪಿನ್ನು ಮಸುಕಾಯಿತು. "ಹೌದವಾ," ಎಂದಳು ಕಡೆಗೆ, "ಆಡಕೋತಿದ್ದೆ."

ಹೊತ್ತು ಮುಳುಗುವ ಮುಂಚೆ ಗಂಟು ಸಡಿಲಿತು. ನಾಗರತ್ನಾ ಕೂದಲನ್ನು ಮುಂದಕ್ಕೆ ಎಳೆದುಕೊಂಡು ನೋಡಿದಳು.

"ಹೆಣ್ಣ ಹುಟ್ಟಿ, ಅದರ ಕೂದಲಾ ನನ್ನಂಗ ಇದ್ರ?"

"ದಿನಾ ಐದೆಳಿ ಹಾಕತೇನಿ."

"ಗಂಟ?"

"ರಬ್ಬರ್ ಬ್ಯಾಂಡ್ ಹಾಕತೇನಿ ನನ್ನವ್ವ!"

ನಾಗರತ್ನಾ ನಕ್ಕಳು. ಆಮೇಲೆ ಮೆಲ್ಲಗೆ, "ನಿಮ್ಮ ಅಟ್ಟದ ಮ್ಯಾಲ ತೊಟ್ಟಲಾ ಐತಲ್ರಿ, ಇಳಿಸಿ ಒರಸಿ ಇಡ್ರಿ" ಎಂದಳು.

ಸುಂದರವ್ವ ಈಗಲೇ ಓಡಿ ಇಳಿಸುವವಳಂತೆ ಧಡಕ್ಕನೆ ಏಳಹೋದಳು. ಕಾಲು ಜೋಮು ಹಿಡಿದಿದ್ದವು, ಏಳಲಾಗಲಿಲ್ಲ. ನಾಗರತ್ನಾ ತಿರುಗಿ ಆಕೆಯ ಮೊಣಕಾಲ ಮೇಲೆ ಕೈಯಿಟ್ಟಳು.

"ಕುಂದರ್ರಿ ಅತ್ತಿ, ಇನ್ನೊಂದೀಟ."